ಕಣ್ಣು ಕುಕ್ಕುವ ಬೆಳಕಿಗೆ ಪರವಾನಗಿ ಇಲ್ಲ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ಅಥಣಿ ಕಡೆಯ ರಸ್ತೆಗಳು ರಾತ್ರಿಯಿಡೀ ಎಚ್ಚರವಾಗಿರುತ್ತವೆ. ಒಂದು ಟ್ರ್ಯಾಕ್ಟರು, ಅದರ ಬೆನ್ನಿಗೆ ಎರಡು ಟ್ರೇಲರು, ಮೇಲೆ ರಸ್ತೆಯ ಅರ್ಧ ನುಂಗುವಷ್ಟು ಅಗಲಕ್ಕೆ ಹೇರಿದ ಕಬ್ಬು. ಹಿಂದೆ ಕೆಂಪು ದೀಪ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ರಿಫ್ಲೆಕ್ಟರ್ ಅಂಟಿಸಿದ್ದರೂ ಜೋತುಬಿದ್ದ ಕಬ್ಬು ಅದನ್ನು ಮುಚ್ಚಿರುತ್ತದೆ. ಹಿಂದಿನಿಂದ ಬರುವ ಬೈಕ್ ಸವಾರನಿಗೆ ಆ ಹೇರು ಕಾಣಬೇಕಾದರೆ ತನ್ನ ಗಾಡಿಯ ಮಂದ ಹಳದಿ ಬೆಳಕೊಂದೇ ಆಸರೆ. ಅದೇ ಹೊತ್ತಿಗೆ ಎದುರಿನಿಂದ ಒಂದು ಕಾರು ಬರುತ್ತದೆ. ಅದರ ಎರಡೂ ಹೆಡ್‌ಲೈಟುಗಳಲ್ಲಿ ನೀಲಿ ಬೆರೆತ ಬಿಳಿ ಬೆಳಕು. ಡಿಪ್ ಮಾಡಿದರೂ ಕಣ್ಣು ಬಿಡಲಾಗುವುದಿಲ್ಲ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಕಣ್ಣು ಕತ್ತಲೆಗಟ್ಟಿ ಮತ್ತೆ ತಿಳಿಯಾಗಲು ಮೂರು ಸೆಕೆಂಡು ಹಿಡಿದರೂ ಅಷ್ಟರಲ್ಲಿ 66 ಮೀಟರ್ ರಸ್ತೆ ಕುರುಡಾಗಿಯೇ ಕಳೆದಿರುತ್ತದೆ. ಕಬ್ಬಿನ ಟ್ರೇಲರು ಇರುವುದು ಆ 66 ಮೀಟರಿನೊಳಗೆ. ಮಂಡ್ಯ, ತುಮಕೂರು ಕಡೆ ಸುಗ್ಗಿಯಲ್ಲಿ ಡಾಂಬರಿನ ಮೇಲೆ ಹರಡಿದ ರಾಗಿ ತೆನೆ ಇರುವುದೂ ಅಲ್ಲೇ. ಮೇವು ಹೊತ್ತು ಮನೆಗೆ ಮರಳುವ ಹೆಂಗಸು ನಡೆಯುವುದೂ ಅಲ್ಲೇ.

ಕಾರಿಗೆ ಕ್ಸೆನಾನ್ ಅಥವಾ ಎಚ್‌ಐಡಿ ಕಿಟ್ ಹಾಕಿಸುವ ಹುಚ್ಚು ನಮ್ಮಲ್ಲಿ ಹೊಸದೇನಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಆಕ್ಸೆಸರೀಸ್ ಅಂಗಡಿಯವರೆಗೆ ಎಲ್ಲೆಡೆ ಈ ಕೆಲಸ ಆಗುತ್ತದೆ. ಎರಡು ಬಲ್ಬು, ಎರಡು ಬ್ಯಾಲಸ್ಟ್, ಒಂದಿಷ್ಟು ವೈರು ಇರುವ ಪೆಟ್ಟಿಗೆ. ಹಳೆ ಬಲ್ಬು ಬಿಚ್ಚಿ, ಅದೇ ಹೋಲ್ಡರಿಗೆ ಹೊಸದನ್ನು ತುರುಕಿ, ಬ್ಯಾಲಸ್ಟನ್ನು ಎಲ್ಲೋ ಒಂದು ಕಡೆ ಕಟ್ಟಿದರೆ ಮುಗಿಯಿತು. ಈಗ ಎಚ್‌ಐಡಿಯ ಜಾಗಕ್ಕೆ ಫ್ಯಾನ್ ಹಚ್ಚಿದ ಎಲ್‌ಇಡಿ ಬಲ್ಬು ಬಂದಿದೆ. ಹೆಸರು ಬದಲಾಗಿದೆ, ತೊಂದರೆ ಬದಲಾಗಿಲ್ಲ. ಹಾಕಿಸಿಕೊಂಡವರು ಕೆಟ್ಟವರೂ ಅಲ್ಲ. ಕಾರಿನ ಜೊತೆ ಬಂದ ಬೆಳಕು ಸಾಲದೆಂದು, ಘಾಟಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ದಾರಿ ಚೆನ್ನಾಗಿ ಕಾಣಲೆಂದು ಹಾಕಿಸುತ್ತಾರೆ. ಅವರ ಅಳಲು ನಿಜವಾದದ್ದು. ಅದಕ್ಕೆ ಕಂಡುಕೊಂಡ ಪರಿಹಾರ ಮಾತ್ರ ತಪ್ಪು.

ತಪ್ಪು ಎಲ್ಲಿದೆ ಎಂದು ತಿಳಿಯಲು ಹೆಡ್‌ಲೈಟಿನ ಒಳಗೊಮ್ಮೆ ಇಣುಕಬೇಕು.

ಹೆಡ್‌ಲೈಟ್ ಎಂದರೆ ಬಲ್ಬು ಮಾತ್ರವಲ್ಲ. ಬಲ್ಬು, ಅದರ ಹಿಂದಿನ ಕನ್ನಡಿ, ಮುಂದಿನ ಗಾಜು ಮೂರೂ ಸೇರಿ ಒಂದೇ ಉಪಕರಣ. ಗ್ಯಾರೇಜಿನವರು ಡೂಮ್ ಎಂದು ಕರೆಯುವ ಆ ಭಾಗದಲ್ಲಿ ಕನ್ನಡಿಯ ಪ್ರತಿ ಬಾಗನ್ನೂ ಬಲ್ಬಿನ ತಂತಿ ಇಂಥದ್ದೇ ಜಾಗದಲ್ಲಿ, ಇಷ್ಟೇ ಉದ್ದದಲ್ಲಿ ಉರಿಯುತ್ತದೆ ಎಂದು ಲೆಕ್ಕ ಹಾಕಿ ರೂಪಿಸಿರುತ್ತಾರೆ. ಆ ಲೆಕ್ಕ ನಡೆಯುವುದು ಮಿಲಿಮೀಟರುಗಳಲ್ಲಿ. ನಮ್ಮ ಹೆಚ್ಚಿನ ಹಳೆ ಕಾರುಗಳಲ್ಲಿರುವ ಎಚ್4 ಬಲ್ಬನ್ನೇ ನೋಡಿ. 1971ರಿಂದ ಬಳಕೆಯಲ್ಲಿರುವ ಈ ಬಲ್ಬಿನೊಳಗೆ ಎರಡು ತಂತಿಗಳಿವೆ: ಹೈ ಬೀಮಿಗೊಂದು, ಡಿಪ್ಪಿಗೊಂದು. ಡಿಪ್ಪಿನ ತಂತಿಯ ಕೆಳಗೆ ದೋಣಿಯಾಕಾರದ ಪುಟ್ಟ ತಗಡು ಇರುತ್ತದೆ. ಬೆಳಕು ಕನ್ನಡಿಯ ಕೆಳ ಅರ್ಧಕ್ಕೆ ಬೀಳದಂತೆ ತಡೆಯುವುದು ಈ ತಗಡಿನ ಕೆಲಸ. ಮೇಲಿನ ಅರ್ಧಕ್ಕೆ ಬಿದ್ದ ಬೆಳಕಷ್ಟೇ ರಸ್ತೆಯ ಕಡೆಗೆ ಇಳಿಯುತ್ತದೆ. ಎದುರಿನವರ ಕಣ್ಣನ್ನು ಕಾಯುತ್ತಿರುವುದು ಉಗುರಿನಷ್ಟು ಚಿಕ್ಕದಾದ ಆ ತಗಡು.

ಕ್ಸೆನಾನ್ ಬಲ್ಬಿನಲ್ಲಿ ತಂತಿಯೇ ಇಲ್ಲ. ಅನಿಲ ತುಂಬಿದ ಸ್ಫಟಿಕದ ಗೋಳಿಯೊಳಗೆ ಎರಡು ವಿದ್ಯುದ್ವಾರಗಳ ನಡುವೆ ಕಿಡಿ ಹಾರಿಸುತ್ತಾರೆ. ಅದನ್ನು ಹೊತ್ತಿಸಲು ಕ್ಷಣಕಾಲ 20,000 ವೋಲ್ಟಿಗೂ ಹೆಚ್ಚು ಬೇಕು. ಹೊತ್ತಿದ ಮೇಲೆ 35 ವಾಟಿನಲ್ಲೇ ಉರಿಯುತ್ತದೆ. ಕಡಿಮೆ ವಿದ್ಯುತ್ತಿಗೆ ಹೆಚ್ಚು ಬೆಳಕು ಕೊಡುವ ಒಳ್ಳೆಯ ತಂತ್ರಜ್ಞಾನ ಇದು. 1991ರಲ್ಲಿ ಬಿಎಂಡಬ್ಲ್ಯು ತನ್ನ 7 ಸರಣಿಯ ಕಾರಿನಲ್ಲಿ ಮೊದಲು ತಂದಾಗ ಆ ಬೆಳಕಿಗೆಂದೇ ಬೇರೆ ಹೆಡ್‌ಲೈಟನ್ನು ರೂಪಿಸಲಾಗಿತ್ತು. ಕಿಟ್ ಹಾಕುವಾಗ ಕೈಬಿಟ್ಟುಹೋಗುವುದು ಆ ಮಾತೇ. ಉರಿಯುವ ಕಿಡಿ ಮೇಲಕ್ಕೆ ಬಾಗಿರುತ್ತದೆ, ಅದರ ಎರಡು ತುದಿಗಳು ನಡುಭಾಗಕ್ಕಿಂತ ಪ್ರಖರವಾಗಿರುತ್ತವೆ, ಬೆಳಕಿನ ಮೂಲ ಇರಬೇಕಾದ ಜಾಗದಿಂದ ಸರಿದಿರುತ್ತದೆ. ಕನ್ನಡಿಗೆ ಇದು ಗೊತ್ತಿಲ್ಲ. ತಂತಿಗೆಂದು ಹಾಕಿದ ಲೆಕ್ಕದಂತೆಯೇ ಬೆಳಕನ್ನು ಎರಚುತ್ತದೆ. ರಸ್ತೆಗೆ ಹೋಗಬೇಕಾದದ್ದು ಮರದ ಕೊಂಬೆಗೆ ಹೋಗುತ್ತದೆ, ಎದುರಿನ ಬಸ್ಸಿನ ಚಾಲಕನ ಮುಖಕ್ಕೆ ಹೋಗುತ್ತದೆ.

ಪ್ರಮಾಣವನ್ನೂ ನೋಡಬೇಕು. ಎಚ್4 ಬಲ್ಬಿನ ಡಿಪ್ ತಂತಿ ಕೊಡುವುದು ಸುಮಾರು 1,000 ಲ್ಯೂಮೆನ್. ಕಂಪನಿಯ ಕ್ಸೆನಾನ್ ಕಾರುಗಳಲ್ಲಿ ಬಳಸುವ ಡಿ2ಎಸ್ ಬಲ್ಬು ಕೊಡುವುದು ಸುಮಾರು 3,200. ಮೂರು ಪಟ್ಟು ಬೆಳಕನ್ನು ಹತೋಟಿಯಿಲ್ಲದ ಕನ್ನಡಿಯೊಳಗೆ ಸುರಿದರೆ ಏನಾಗುತ್ತದೆ ಎಂದು ಯಾರಾದರೂ ಊಹಿಸಬಹುದು. ಇದಕ್ಕಾಗಿಯೇ ಯುರೋಪಿನ ನಿಯಮಗಳು 2,000 ಲ್ಯೂಮೆನ್ ಮೀರಿದ ಬಲ್ಬಿರುವ ಡಿಪ್ ದೀಪಕ್ಕೆ ಎರಡು ಷರತ್ತು ಹಾಕಿದವು. ಕಾರಿನ ಹಿಂಬದಿ ಭಾರಕ್ಕೆ ತಗ್ಗಿ ಮೂತಿ ಮೇಲೆದ್ದಾಗ ಬೆಳಕು ತಾನಾಗಿ ಕೆಳಗಿಳಿಯಬೇಕು, ಮತ್ತು ಗಾಜಿನ ಮೇಲಿನ ಕೊಳೆ ಬೆಳಕನ್ನು ಚದುರಿಸದಂತೆ ತೊಳೆಯುವ ವ್ಯವಸ್ಥೆ ಕಾರಿನಲ್ಲೇ ಇರಬೇಕು. ಅಂಗಡಿಯ ಪೆಟ್ಟಿಗೆಯಲ್ಲಿ ಇವೆರಡೂ ಇರುವುದಿಲ್ಲ.

ಬಣ್ಣದ ವಿಚಾರದಲ್ಲಂತೂ ಗ್ರಾಹಕರಿಗೆ ನೇರವಾಗಿ ಮೋಸವಾಗುತ್ತಿದೆ. 6000ಕೆ, 8000ಕೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಬೆಳಕಿನ ಶಕ್ತಿ ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಬಣ್ಣದ ಅಳತೆ. ಕಂಪನಿಯ ಕ್ಸೆನಾನ್ ದೀಪಗಳು ಸುಮಾರು 4300ಕೆ ಹತ್ತಿರ ಇರುತ್ತವೆ. ಅಂಕಿ ಏರಿದಂತೆ ಬೆಳಕು ನೀಲಿಯಾಗುತ್ತದೆ, ಕಣ್ಣಿಗೆ ಉಪಯೋಗಕ್ಕೆ ಬರುವ ಬೆಳಕು ಕಡಿಮೆಯಾಗುತ್ತದೆ, ಎದುರಿನವರಿಗೆ ಕಿರಿಕಿರಿ ಹೆಚ್ಚುತ್ತದೆ. ಮಳೆಗಾಲದ ರಾತ್ರಿ ಶಿರಾಡಿಯಲ್ಲೋ ಆಗುಂಬೆಯಲ್ಲೋ ಮಂಜು ಮುಸುಕಿದಾಗ ಈ ಬೆಳಕು ಮಂಜಿಗೆ ಬಡಿದು ಬಿಳಿ ಗೋಡೆಯಂತೆ ಎದುರು ನಿಲ್ಲುತ್ತದೆ. ಇನ್ನೊಂದು ತೊಡಕೂ ಇದೆ. ಕಾರಿನ ಮೂತಿಯ ಮುಂದಿನ ಹತ್ತಿಪ್ಪತ್ತು ಮೀಟರ್ ರಸ್ತೆ ಹಗಲಿನಂತೆ ಬೆಳಗಿದಾಗ ಚಾಲಕನ ಕಣ್ಣಿನ ಪಾಪೆ ಕಿರಿದಾಗುತ್ತದೆ, ದೂರದ ಕತ್ತಲಲ್ಲಿರುವುದು ಇನ್ನಷ್ಟು ಮಂಕಾಗುತ್ತದೆ. ಚೆನ್ನಾಗಿ ಕಾಣುತ್ತಿದೆ ಎಂಬ ಭಾವನೆಯನ್ನು ನಂಬಿ ವೇಗ ಹೆಚ್ಚಿಸಿದವರಿಗೆ ಕಾಣಬೇಕಾದದ್ದು ತಡವಾಗಿ ಕಾಣುತ್ತದೆ.

ಇನ್ನು ಕಾನೂನು. ಕ್ಸೆನಾನ್ ದೀಪವೇ ನಿಷಿದ್ಧ ಎಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಕಾರು ತಯಾರಾದಾಗಲೇ ಪರೀಕ್ಷೆಗೆ ಒಳಗಾಗಿ ಒಪ್ಪಿಗೆ ಪಡೆದು ಬಂದ ಕ್ಸೆನಾನ್ ಅಥವಾ ಎಲ್‌ಇಡಿ ದೀಪಕ್ಕೆ ಯಾವ ಅಡ್ಡಿಯೂ ಇಲ್ಲ. ಅಡ್ಡಿ ಇರುವುದು ಎಚ್4ನಂಥ ತಂತಿಯ ಹ್ಯಾಲೋಜನ್ ಬಲ್ಬಿಗೆಂದು ಮಾಡಿದ ದೀಪದೊಳಗೆ ಬೇರೆ ಬೆಳಕನ್ನು ಕೂರಿಸುವುದಕ್ಕೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯ ನಿಯಮ ಇದನ್ನು ಅಳತೆ ಸಮೇತ ಹೇಳುತ್ತದೆ. ದೀಪದಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಒಬ್ಬ ಮನುಷ್ಯನ ಕಣ್ಣು ಇದೆ ಎಂದುಕೊಳ್ಳಿ. ಆ ಕಣ್ಣು ಕೋರೈಸದಂತೆ ಬೆಳಕು ಯಾವಾಗಲೂ ಕೆಳಕ್ಕೆ ಬಾಗಿರಬೇಕು. ರಸ್ತೆಯಲ್ಲಿ ಎದುರು ಸಿಗುವ ಅಪರಿಚಿತನ ಕಣ್ಣು ಎಲ್ಲಿರುತ್ತದೆ ಎಂದು ಲೆಕ್ಕ ಹಾಕಿ, ಅದಕ್ಕೊಂದು ಜಾಗ ಗುರುತಿಸಿ ಕಾಪಾಡಿದ ನಿಯಮ ಇದು. ಇದಕ್ಕೆ ಮುಂಚೆಯೇ ಬರುವ 105ನೆಯ ನಿಯಮ ಚಾಲಕನ ಪಾಲನ್ನೂ ಮರೆತಿಲ್ಲ: 155 ಮೀಟರ್ ಮುಂದಿನ ಜನರೂ ವಾಹನಗಳೂ ಸ್ಪಷ್ಟವಾಗಿ ಕಾಣುವಂತೆ ದೀಪ ಇರಬೇಕು ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕು. ಒಂದು ಚಾಲಕನ ಹಕ್ಕು, ಇನ್ನೊಂದು ಎದುರಿನವನ ಹಕ್ಕು.

ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ವಾಹನದ ಮಾರ್ಪಾಡನ್ನು ಕುರಿತದ್ದು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ ಎಂದು ಅದು ಹೇಳುತ್ತದೆ. ಕೇರಳದಿಂದ ಮೇಲೆ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತನ್ನು ಎತ್ತಿಹಿಡಿಯಿತು. ಹೆಡ್‌ಲೈಟ್ ಬಲ್ಬಿನ ವಿಷಯ ಆರ್‌ಸಿಯಲ್ಲಿ ಬರೆದಿಲ್ಲವಲ್ಲ, ಹಾಗಿದ್ದಮೇಲೆ ಅದು ಮಾರ್ಪಾಡು ಹೇಗಾದೀತು ಎಂದು ಅಂಗಡಿಯವರು ವಾದಿಸುವುದುಂಟು. ಈ ವಾದ ನಿಲ್ಲುವುದಿಲ್ಲ. ಅದೇ 2019ರ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಕಲಂ ಬಿಡಿಭಾಗಗಳನ್ನು ಜೋಡಿಸಿ ಮಾಡುವ ಮಾರ್ಪಾಡನ್ನೂ ಹೆಸರಿಸಿ ಹೇಳಿದೆ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ. ಕಲಂ ಇಷ್ಟು ಬಿಗಿಯಾಗಿದ್ದರೂ ರಸ್ತೆಯಲ್ಲಿ ಹೆಚ್ಚಾಗಿ ಹಾಕುವುದು 177ನೆಯ ಕಲಮಿನ ಸಾಮಾನ್ಯ ದಂಡ: ಮೊದಲ ಸಲ 500 ರೂಪಾಯಿ.

ಬೇರೆ ದೇಶಗಳೂ ಇದೇ ತೀರ್ಮಾನಕ್ಕೆ ಬಂದಿವೆ. ಹ್ಯಾಲೋಜನ್ ದೀಪಕ್ಕೆ ಹಾಕುವ ಎಚ್‌ಐಡಿ ಕಿಟ್ ಯಾವುದೂ ತನ್ನ ಮಾನದಂಡಕ್ಕೆ ಹೊಂದಲಾರದು ಎಂಬುದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ನಿಲುವು. ಬ್ರಿಟನ್ನಿನಲ್ಲಿ ಹೀಗೆ ಬದಲಿಸಿದ ಕಾರು ಎಂಒಟಿ ಎಂಬ ವಾರ್ಷಿಕ ತಪಾಸಣೆಯಲ್ಲಿ ಫೇಲಾಗುತ್ತದೆ. ಜರ್ಮನಿಯಲ್ಲಿ ಕಾರನ್ನು ರಸ್ತೆಗಿಳಿಸುವ ಅನುಮತಿಯೇ ರದ್ದಾಗುತ್ತದೆ. ಆದರೆ ಅದೇ ಜರ್ಮನಿ 2020ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಓಸ್ರಾಮ್ ಕಂಪನಿಯ ಒಂದು ಎಲ್‌ಇಡಿ ಬಲ್ಬನ್ನು ಇಂತಿಂಥ ಕಾರಿನ ಇಂತಿಂಥ ಹೆಡ್‌ಲೈಟಿನಲ್ಲಿ ಪರೀಕ್ಷಿಸಿ ನೋಡಿ, ಆ ಪಟ್ಟಿಯಲ್ಲಿರುವ ಕಾರುಗಳಿಗೆ ಮಾತ್ರ ಹಾಕಿಸಲು ಒಪ್ಪಿಗೆ ಕೊಟ್ಟಿತು. ಹೊಸ ತಂತ್ರಜ್ಞಾನ ಬೇಡವೆಂದು ಅಲ್ಲಿ ಯಾರೂ ಹಟ ಹಿಡಿದಿಲ್ಲ. ಪರೀಕ್ಷೆ ಮಾಡದೆ ಬೇಡ ಎಂದರು. ಭಾರತಕ್ಕೂ ಈ ದಾರಿ ಬೇಕು. ಪುಣೆಯ ಎಆರ್‌ಎಐ ಸಂಸ್ಥೆಯಲ್ಲಿ ವಾಹನಗಳ ದೀಪಗಳನ್ನು ಪರೀಕ್ಷಿಸುವ ಪ್ರಯೋಗಾಲಯ ಇದ್ದೇ ಇದೆ. ಲಕ್ಷಾಂತರ ಸಂಖ್ಯೆಯಲ್ಲಿ ಓಡುತ್ತಿರುವ ಹಳೆ ಮಾದರಿಗಳಿಗೆ ಯಾವ ಬಲ್ಬು ಸುರಕ್ಷಿತ ಎಂದು ಪಟ್ಟಿ ಮಾಡಿ ಹೇಳಿದರೆ, ಒಳ್ಳೆಯ ಬೆಳಕು ಬೇಕೆನ್ನುವವರಿಗೆ ಕಾನೂನು ಮುರಿಯುವ ಅಗತ್ಯ ಬೀಳುವುದಿಲ್ಲ.

ಆ ಪಟ್ಟಿ ಬರುವವರೆಗೂ ಕತ್ತಲಲ್ಲೇ ಓಡಿಸಬೇಕೆಂದೇನಿಲ್ಲ. ಬೆಳಕು ಸಾಲದು ಎನ್ನುವ ಕಾರಿನಲ್ಲಿ ಬಲ್ಬಿಗಿಂತ ಮೊದಲು ನೋಡಬೇಕಾದದ್ದು ಗಾಜು. ಈಗಿನ ಹೆಡ್‌ಲೈಟಿನ ಗಾಜು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಏಳೆಂಟು ವರ್ಷ ಬಿಸಿಲಿಗೆ ನಿಂತರೆ ಹಳದಿಗಟ್ಟಿ ಮಬ್ಬಾಗುತ್ತದೆ. ಅದನ್ನು ಪಾಲಿಶ್ ಮಾಡಿಸಿದರೆ ಕಾರು ಹೊಸದಿದ್ದಾಗಿನ ಬೆಳಕಿನ ಬಹುಪಾಲು ಮರಳುತ್ತದೆ. ಎರಡನೆಯದು ವೈರಿಂಗ್. ಹ್ಯಾಲೋಜನ್ ಬಲ್ಬು ವೋಲ್ಟೇಜಿನ ವಿಷಯದಲ್ಲಿ ಬಹಳ ಸೂಕ್ಷ್ಮ. ಸಿಗಬೇಕಾದ ವೋಲ್ಟೇಜಿನಲ್ಲಿ ಶೇ 5ರಷ್ಟು ದಾರಿಯಲ್ಲಿ ಸೋರಿದರೂ ಬೆಳಕು ಶೇ 15ರಷ್ಟು ಕಡಿಮೆಯಾಗುತ್ತದೆ. ತುಕ್ಕು ಹಿಡಿದ ಅರ್ತಿಂಗ್ ಸರಿಪಡಿಸಿ, ಬ್ಯಾಟರಿಯಿಂದ ನೇರವಾಗಿ ರಿಲೇ ಮೂಲಕ ಕರೆಂಟು ಬರುವಂತೆ ಮಾಡಿದರೆ ಅದೇ 60/55 ವಾಟಿನ ಬಲ್ಬು ಬೇರೆಯೇ ಬಲ್ಬಿನಂತೆ ಉರಿಯುತ್ತದೆ. 100/90 ವಾಟಿನ ಬಲ್ಬು ಹಾಕಿಸುವುದು ಮಾತ್ರ ಬೇಡ. ಅದು ಹೋಲ್ಡರನ್ನು ಕರಗಿಸುತ್ತದೆ, ಕಾನೂನಿಗೂ ಹೊರಗಿನದು.

ಮೂರನೆಯದು ದೀಪದ ಗುರಿ. ಈ ವಿಷಯಕ್ಕೆ ಯಾರೂ ಕೊಡದಷ್ಟು ಮಹತ್ವ ಕೊಡಬೇಕಾಗಿದೆ, ಏಕೆಂದರೆ ಕಣ್ಣು ಕುಕ್ಕುವ ಬೆಳಕೆಲ್ಲ ಕಿಟ್ ಹಾಕಿದ ಕಾರುಗಳದೇ ಅಲ್ಲ. ಕಂಪನಿಯ ಬಲ್ಬೇ ಇದ್ದು ಗುರಿ ತಪ್ಪಿದ ಕಾರುಗಳೂ ಅಷ್ಟೇ ಕಾಟ ಕೊಡುತ್ತವೆ. ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಕೆಳಗಿಳಿಯುವಂತೆ ಡಿಪ್ಪನ್ನು ಕೂರಿಸುವುದು ಸಾಮಾನ್ಯ ರೂಢಿ. ಡೂಮ್ ಬಿಚ್ಚಿ ಹಾಕುವಾಗ ಅದು ಒಂದೇ ಒಂದು ಡಿಗ್ರಿ ಮೇಲೆದ್ದರೆ 50 ಮೀಟರ್ ದೂರದಲ್ಲಿ ಬೆಳಕಿನ ಅಂಚು ಸುಮಾರು 87 ಸೆಂಟಿಮೀಟರ್ ಮೇಲೇರಿರುತ್ತದೆ. ಬೈಕ್ ಸವಾರನ ಎದೆಯ ಕೆಳಗೆ ನಿಲ್ಲಬೇಕಾದ ಅಂಚು ಅವನ ಹೆಲ್ಮೆಟ್ಟಿನ ಗೀರುಬಿದ್ದ ಗಾಜಿನತ್ತ ಹತ್ತುತ್ತದೆ. ಹಲವು ಕಾರುಗಳ ಸ್ಟಿಯರಿಂಗ್ ಪಕ್ಕದಲ್ಲಿ 0, 1, 2, 3 ಎಂದು ಬರೆದ ಸಣ್ಣ ತಿರುಗಣೆ ಇರುತ್ತದೆ. ಹಿಂದೆ ಮೂವರು ಕೂತು, ಡಿಕ್ಕಿಯಲ್ಲಿ ಲಗೇಜು ತುಂಬಿ ಧರ್ಮಸ್ಥಳಕ್ಕೋ ಮಂತ್ರಾಲಯಕ್ಕೋ ಹೊರಟಾಗ ಮೇಲೆದ್ದ ಬೆಳಕನ್ನು ಕೆಳಗಿಳಿಸಲೆಂದೇ ಅದನ್ನು ಕೊಟ್ಟಿರುವುದು. ವರ್ಷಗಟ್ಟಲೆ ಅದನ್ನು ಮುಟ್ಟದೆ ಕಾರು ಓಡಿಸುವವರೇ ಹೆಚ್ಚು.

ಹಿಂದೊಂದು ಕಾಲದಲ್ಲಿ ಬಸ್ಸು, ಲಾರಿ, ಅಂಬಾಸಿಡರ್ ಕಾರುಗಳ ಹೆಡ್‌ಲೈಟಿನ ಮೇಲೆ ಕಪ್ಪು ಬಣ್ಣ ಬಳಿದಿರುತ್ತಿದ್ದುದು ವಯಸ್ಸಾದವರಿಗೆ ನೆನಪಿರಬಹುದು. ಪೊಲೀಸರೇ ಗಾಡಿ ನಿಲ್ಲಿಸಿ ಕಪ್ಪು ಸ್ಟಿಕ್ಕರ್ ಅಂಟಿಸುತ್ತಿದ್ದುದೂ ಉಂಟು. ತಾಂತ್ರಿಕವಾಗಿ ಅದು ಒರಟು ಉಪಾಯ, ಈಗಿನ ದೀಪಗಳಿಗೆ ಒಗ್ಗುವಂಥದ್ದಲ್ಲ. ಆದರೂ ಎದುರಿಗೆ ಒಬ್ಬರು ಬರುತ್ತಿದ್ದಾರೆ ಎಂಬ ಅರಿವು ಗಾಡಿಯ ಮೂತಿಯ ಮೇಲೆಯೇ ಬರೆದಂತಿತ್ತು. ಡಿಮ್ ಡಿಪ್ ಮಾಡಿ ಪರಸ್ಪರ ದಾರಿ ಕೊಡುವುದು ಲಾರಿ ಚಾಲಕರ ನಡುವೆ ಮಾತಿಲ್ಲದ ಭಾಷೆಯಾಗಿತ್ತು. ಡಿಪ್ಪೇ ಕಣ್ಣು ಕುಕ್ಕುವಂತಾದಾಗ ಆ ಭಾಷೆ ಸಾಯುತ್ತದೆ. ಎದುರಿನವನು ಹೈ ಬೀಮಿನಲ್ಲೇ ಬರುತ್ತಿದ್ದಾನೆ ಎಂದುಕೊಂಡು ಈಚೆಯವನೂ ಹೈ ಬೀಮ್ ಹಾಕುತ್ತಾನೆ.

ಕರ್ನಾಟಕ ಪೊಲೀಸರು 2024ರ ಜುಲೈಯಲ್ಲಿ ಕಣ್ಣು ಕುಕ್ಕುವ ದೀಪಗಳ ವಿರುದ್ಧ ರಾಜ್ಯವ್ಯಾಪಿ ಕಾರ್ಯಾಚರಣೆ ಶುರುಮಾಡಿದರು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಎಲ್ಲ ಜಿಲ್ಲೆಗಳಿಗೂ ಪ್ರಕರಣ ದಾಖಲಿಸುವಂತೆ ಸೂಚಿಸಿದ್ದರು. ಅದು ಸರಿಯಾದ ಹೆಜ್ಜೆ, ಮೆಚ್ಚಬೇಕಾದದ್ದೇ. ಆದರೆ ಹೆದ್ದಾರಿಯಲ್ಲಿ ರಾತ್ರಿ ಓಡುವ ಕಾರನ್ನು ಅಡ್ಡಗಟ್ಟಿ ದೀಪ ನೋಡುವುದು ಪೊಲೀಸರಿಗೂ ಅಪಾಯ, ಬರಿಗಣ್ಣಿನ ಅಂದಾಜು ನ್ಯಾಯಾಲಯದಲ್ಲಿ ನಿಲ್ಲುವುದೂ ಕಷ್ಟ. ಕಾರ್ಯಾಚರಣೆಯ ಬಿಸಿ ಆರಿದ ಮೇಲೆ ಕಿಟ್‌ಗಳು ಮತ್ತೆ ಗಾಜಿನ ಕಪಾಟಿಗೆ ಬರುತ್ತವೆ.

ಮಾಲೀಕನಿಗೆ ದಂಡ ಹಾಕಿ ಮಾರಿದವನನ್ನು ಬಿಡುವುದು ಅರ್ಧ ನ್ಯಾಯ. ಇದಕ್ಕಿಂತಲೂ ದೊಡ್ಡ ಬಿರುಕು ತಪಾಸಣೆಯಲ್ಲಿದೆ. ಬಾಡಿಗೆ ಗಾಡಿಗಳು, ಲಾರಿ, ಬಸ್ಸುಗಳು ಎಫ್‌ಸಿಗೆಂದು ಆಗಾಗ ಆರ್‌ಟಿಒ ಮುಂದೆ ಬರಲೇಬೇಕು. ಖಾಸಗಿ ಕಾರಿನ ನೋಂದಣಿಗೆ 15 ವರ್ಷ ಆಯಸ್ಸು. ಅಲ್ಲಿಯವರೆಗೆ ಅದರ ಹೆಡ್‌ಲೈಟನ್ನು ಯಾವ ಅಧಿಕಾರಿಯೂ ಅಳೆಯುವುದಿಲ್ಲ. ಹೊಗೆ ತಪಾಸಣೆಗೆ ಮಾತ್ರ ಅದು ವರ್ಷಕ್ಕೊಮ್ಮೆಯಾದರೂ ಹೋಗುತ್ತದೆ, ಪೆಟ್ರೋಲ್ ಬಂಕಿನ ಪಕ್ಕದ ಪುಟ್ಟ ಕೇಂದ್ರಕ್ಕೆ. ದೀಪದ ತಪಾಸಣೆಯನ್ನೂ ಅಲ್ಲಿಗೇ ಸೇರಿಸಬಹುದು. ಬೆಳಕಿನ ಗುರಿ ಅಳೆಯುವ ಯಂತ್ರ ಎಫ್‌ಸಿ ಕೇಂದ್ರಗಳಲ್ಲಿ ಈಗಾಗಲೇ ಬಳಕೆಯಲ್ಲಿರುವಂಥದ್ದೇ. ಅಷ್ಟೂ ಆಗದಿದ್ದರೆ ಗೆರೆ ಎಳೆದ ಗೋಡೆಯೊಂದರ ಮುಂದೆ ಕಾರು ನಿಲ್ಲಿಸಿ ಡಿಪ್ ಹಾಕಿ ನೋಡಿದರೂ ನಡೆಯುತ್ತದೆ. ಸರಿಯಾದ ದೀಪದ ಬೆಳಕಿಗೆ ಮೇಲ್ಗಡೆ ಕತ್ತರಿಸಿದಂಥ ಅಂಚಿರುತ್ತದೆ, ಕಿಟ್ ಹಾಕಿದ್ದರೆ ಆ ಅಂಚು ಕದಡಿರುತ್ತದೆ. ಯುರೋಪಿನ ಗುರುತು ಇರುವ ಡೂಮ್ ಆದರೆ ಗಾಜಿನ ಮೇಲೆ ಅಕ್ಷರಗಳನ್ನೂ ಅಚ್ಚೊತ್ತಿರುತ್ತಾರೆ. ಎಚ್‌ಸಿ, ಎಚ್‌ಸಿಆರ್ ಎಂದಿದ್ದರೆ ಹ್ಯಾಲೋಜನ್, ಡಿಸಿ, ಡಿಸಿಆರ್ ಎಂದಿದ್ದರೆ ಕ್ಸೆನಾನ್. ಎಚ್ ಎಂದು ಬರೆದ ಗಾಜಿನ ಹಿಂದೆ ನೀಲಿ ಬೆಳಕು ಉರಿಯುತ್ತಿದ್ದರೆ ಬೇರೆ ಪುರಾವೆ ಹುಡುಕಬೇಕಾಗಿಲ್ಲ.

ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳ ಹತ್ತಿರ ಟ್ರೇಲರುಗಳಿಗೆ ರಿಫ್ಲೆಕ್ಟರ್ ಅಂಟಿಸುವ ಅಭಿಯಾನಗಳು ನಡೆಯುತ್ತವೆ. ರೈತರ ಗಾಡಿ ಕಾಣಬೇಕೆಂದು ಅಷ್ಟು ಶ್ರಮ ಪಡುವ ಇಲಾಖೆಗಳು ಅದೇ ರಸ್ತೆಯಲ್ಲಿ, ಅದೇ ವಾರದಲ್ಲಿ ಒಂದು ಗೋಡೆಗೆ ಸುಣ್ಣ ಬಳಿದು ಗೆರೆ ಎಳೆದು, ಹಾದುಹೋಗುವ ಕಾರುಗಳ ಡಿಪ್ಪನ್ನೂ ನೋಡಲಿ. ಗುರಿ ತಪ್ಪಿದ ದೀಪಕ್ಕೆ ದಂಡ ಬೇಡ, ಒಬ್ಬ ಮೆಕ್ಯಾನಿಕ್ಕನ್ನು ಕೂರಿಸಿ ಅಲ್ಲೇ ಸ್ಕ್ರೂ ತಿರುಗಿಸಿ ಸರಿಮಾಡಿ ಕಳಿಸಲಿ. ಕಿಟ್ ಹಾಕಿದ ಕಾರಿಗೆ ಮಾತ್ರ 182ಎ ಕಲಂ ಅನ್ವಯವಾಗಲಿ, ಅದನ್ನು ಕೂರಿಸಿದ ಅಂಗಡಿಯ ವಿಳಾಸವನ್ನೂ ಬರೆದುಕೊಳ್ಳಲಿ.